ಸೆಕೆಂಡಿಗೆ 50 ಸಲ: ಕಮೊಡೋರ್ 64ರಲ್ಲಿ ಅಸೆಂಬ್ಲಿ ಬರೆದು ಹಾಡು ನುಡಿಸೋಣ

ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ನಾವೆಲ್ಲ ಮಾಡೋದು ಏನು? ಮ್ಯಾನ್ಯುಯಲ್‌ನಲ್ಲಿರೋ ಪ್ರೋಗ್ರಾಮ್ ಟೈಪ್ ಮಾಡ್ತೀವಿ. ಔಟ್‌ಪುಟ್ ಬಂದರೆ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ತೀವಿ, ಬರದಿದ್ದರೆ ಪಕ್ಕದ ಬ್ಯಾಚಿನವರ ಸ್ಕ್ರೀನ್ ನೋಡ್ತೀವಿ. ಹತ್ತು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಮ್ ಒಂದೆರಡು ಮಿಲಿಸೆಕೆಂಡ್ ತಡವಾಗಿ ಮುಗಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮಾರ್ಕ್ಸೂ ಹೋಗುವುದಿಲ್ಲ. ಹೀಗಾಗಿ ಇನ್‌ಸ್ಟ್ರಕ್ಷನ್‌ಗಳೆಲ್ಲ ಬಾಯಿಪಾಠವಾದರೂ, ಪ್ರತಿ ಇನ್‌ಸ್ಟ್ರಕ್ಷನ್ ಎಷ್ಟು ಸಮಯ ತಿನ್ನುತ್ತದೆ ಅನ್ನುವುದು ನಮ್ಮ ಅನುಭವಕ್ಕೆ ಬರುವುದೇ ಇಲ್ಲ.

ಈ ಪಾಠದಲ್ಲಿ, ಸಮಯ ತಪ್ಪಿದರೆ ಕಿವಿಗೆ ತಕ್ಷಣ ಗೊತ್ತಾಗುವಂಥ ಒಂದು ಚಿಕ್ಕ ಪ್ರೋಗ್ರಾಮ್ ಬರೆಯೋಣ. ಯಂತ್ರ 1982ರ ಕಮೊಡೋರ್ 64. ಅದು ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ. ಆದರೆ ವೈಸ್ ಎಂಬ ಎಮ್ಯುಲೇಟರ್ ಪುಕ್ಕಟೆ ಸಿಗುತ್ತದೆ, ಆಕ್ಮೆ ಎಂಬ ಅಸೆಂಬ್ಲರ್ ಕೂಡ. ಲ್ಯಾಪ್‌ಟಾಪ್ ಮತ್ತು ಇಯರ್‌ಫೋನ್ ಇದ್ದರೆ ಸಾಕು. 8085 ಅಥವಾ 8051 ಓದಿದವರಿಗೆ ಇಲ್ಲಿ ಯಾವುದೂ ಕಷ್ಟವಾಗಲಿಕ್ಕಿಲ್ಲ.

ಯಂತ್ರದ ಪರಿಚಯ

ಕಮೊಡೋರ್ 64ರ ಪ್ರೊಸೆಸರ್ 6510. ಇದು 6502ರ ತಮ್ಮ, ಇನ್‌ಸ್ಟ್ರಕ್ಷನ್‌ಗಳೆಲ್ಲ ಅವೇ. ಯುರೋಪಿನಲ್ಲಿ ಮಾರಾಟವಾದ ಪ್ಯಾಲ್ ಮಾದರಿಯಲ್ಲಿ ಅದರ ಕ್ಲಾಕ್ 985248 ಹರ್ಟ್ಸ್, ಅಂದರೆ ಒಂದು ಮೆಗಾಹರ್ಟ್ಸಿಗೂ ಸ್ವಲ್ಪ ಕಡಿಮೆ. ಮೆಮೊರಿ 64 ಕಿಲೋಬೈಟ್. ಗುಣಾಕಾರದ ಇನ್‌ಸ್ಟ್ರಕ್ಷನ್ ಇಲ್ಲ, ಭಾಗಾಕಾರದ್ದೂ ಇಲ್ಲ.

ಧ್ವನಿಗೆ ಬೇರೆಯೇ ಚಿಪ್ ಇದೆ: ಸಿಡ್. ಬಾಬ್ ಯಾನೆಸ್ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ್ದು. ಇದರಲ್ಲಿ ಮೂರು ಧ್ವನಿಗಳಿವೆ. ಪ್ರತಿ ಧ್ವನಿಗೂ ನಾಲ್ಕು ಬಗೆಯ ತರಂಗ (ಟ್ರಯಾಂಗಲ್, ಸಾಟೂತ್, ಪಲ್ಸ್, ನಾಯ್ಸ್), ಮತ್ತು ಸ್ವರ ಹೇಗೆ ಏರಿ ಹೇಗೆ ಇಳಿಯಬೇಕು ಅಂತ ಹೇಳುವ ಎನ್ವೆಲಪ್. ಚಿಪ್ಪಿಗೆ ನಾವು ಬರೆಯಬಹುದಾದ ರಿಜಿಸ್ಟರುಗಳು 25. ಮೆಮೊರಿಯಲ್ಲಿ ಅವು 54272ರಿಂದ 54296ರವರೆಗಿನ ವಿಳಾಸಗಳಲ್ಲಿ ಕೂತಿವೆ. ನಮಗೆ ಬೇಕಾದವು ಇಷ್ಟೇ:

54272 ಮತ್ತು 54273: ಒಂದನೇ ಧ್ವನಿಯ ಫ್ರೀಕ್ವೆನ್ಸಿ, ಕೆಳಬೈಟ್ ಮತ್ತು ಮೇಲ್ಬೈಟ್.
54276: ಕಂಟ್ರೋಲ್. ಸಾಟೂತ್ ಬೇಕಾದರೆ 32. ಅದಕ್ಕೆ 1 ಸೇರಿಸಿ 33 ಬರೆದರೆ ಗೇಟ್ ತೆರೆದು ಸ್ವರ ಶುರುವಾಗುತ್ತದೆ, 32 ಬರೆದರೆ ಗೇಟ್ ಮುಚ್ಚುತ್ತದೆ.
54277 ಮತ್ತು 54278: ಎನ್ವೆಲಪ್.
54296: ಒಟ್ಟು ವಾಲ್ಯೂಮ್, 0ರಿಂದ 15.

ಎರಡನೇ ಧ್ವನಿ ಬೇಕಾದರೆ ಧ್ವನಿಯ ವಿಳಾಸಗಳಿಗೆ 7 ಕೂಡಿಸಿ, ಮೂರನೆಯದಕ್ಕೆ 14.

ಒಂದು ಎಚ್ಚರಿಕೆ. ಈ ರಿಜಿಸ್ಟರುಗಳಿಗೆ ಬರೆಯಬಹುದು, ಓದಲು ಆಗುವುದಿಲ್ಲ. ‘ಈಗಿರೋ ಫ್ರೀಕ್ವೆನ್ಸಿ ಓದಿ ಅದಕ್ಕೆ ಒಂದಿಷ್ಟು ಕೂಡಿಸೋಣ’ ಅಂತ ಹೊರಟರೆ ಕೈಗೆ ಬರುವುದು ಕಸ. ಬರೆದ ಪ್ರತಿ ಬೆಲೆಯ ನಕಲನ್ನು ನಮ್ಮ ಮೆಮೊರಿಯಲ್ಲೇ ಇಟ್ಟುಕೊಳ್ಳಬೇಕು.

ಟ್ರ್ಯಾಕರ್ ಅಂದರೇನು?

ಸಿಡಿ ಗುಣಮಟ್ಟದ ಸ್ಟೀರಿಯೋ ಆಡಿಯೋಗೆ ಸೆಕೆಂಡಿಗೆ 176400 ಬೈಟ್ ಬೇಕು. 64 ಕಿಲೋಬೈಟ್ ಪೂರ್ತಿ ಕೊಟ್ಟರೂ ಅರ್ಧ ಸೆಕೆಂಡ್ ಕೂಡ ಹಿಡಿಸುವುದಿಲ್ಲ. ಆದ್ದರಿಂದ ಧ್ವನಿಯನ್ನು ಇಡುವ ಬದಲು, ಯಾವ ಸ್ವರ ಯಾವಾಗ ಅನ್ನುವ ಪಟ್ಟಿಯನ್ನು ಮಾತ್ರ ಇಟ್ಟರು. ಸಂಗೀತ ಕಲಿತವರ ಸ್ವರಲಿಪಿ ಪುಸ್ತಕ ನೋಡಿದ್ದೀರಲ್ಲ, ಅದೇ ಥರ. ಅದನ್ನು ಲಂಬವಾಗಿ ತಿರುಗಿಸಿ. ಪ್ರತಿ ಧ್ವನಿಗೆ ಒಂದು ಕಾಲಂ, ಪ್ರತಿ ಸಾಲು ಕಾಲದ ಒಂದು ಹೆಜ್ಜೆ. ಇಂಥ 64 ಸಾಲುಗಳ ತುಂಡು ಒಂದು ಪ್ಯಾಟರ್ನ್. ಯಾವ ಪ್ಯಾಟರ್ನ್ ಆದ ಮೇಲೆ ಯಾವುದು ಅಂತ ಹೇಳಲು ಇನ್ನೊಂದು ಚಿಕ್ಕ ಪಟ್ಟಿ. ಪಲ್ಲವಿ ನಾಲ್ಕು ಸಲ ಬಂದರೂ ಮೆಮೊರಿಯಲ್ಲಿ ಇರೋದು ಒಂದೇ ಸಲ.

1980ರ ದಶಕದ ಮಧ್ಯದಲ್ಲಿ ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದರು. ಇಂಗ್ಲೆಂಡಿನ ರಾಬ್ ಹಬ್ಬರ್ಡ್ 1985ರಲ್ಲಿ ‘ಮಾಂಟಿ ಆನ್ ದ ರನ್’, ‘ಕಮಾಂಡೋ’ ಮುಂತಾದ ಆಟಗಳಿಗೆ ಸಂಗೀತ ಮಾಡಿದಾಗ, ನುಡಿಸುವ ಅಸೆಂಬ್ಲಿ ರೂಟೀನನ್ನೂ ಅವರೇ ಬರೆದರು, ಹಾಡನ್ನು ಬೈಟ್‌ಗಳಾಗಿ ಅವರೇ ಟೈಪ್ ಮಾಡಿದರು. 1986ರಲ್ಲಿ ಜರ್ಮನಿಯ ಕ್ರಿಸ್ ಹ್ಯೂಲ್ಸ್‌ಬೆಕ್ ಅವರ ‘ಸೌಂಡ್‌ಮಾನಿಟರ್’ ಒಂದು ಪತ್ರಿಕೆಯಲ್ಲಿ ಪ್ರಕಟವಾಯಿತು. 1987ರಲ್ಲಿ ಕಾರ್ಸ್ಟೆನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗೆ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಮಾಡಿದರು. ‘ಟ್ರ್ಯಾಕರ್’ ಅನ್ನುವ ಹೆಸರು ಅಲ್ಲಿಂದಲೇ ಬಂತು. ಪರದೆಯ ಮೇಲೆ ಸಾಲುಗಳು ಕೆಳಗಿನಿಂದ ಮೇಲಕ್ಕೆ ಸರಿಯುವ ಆ ನೋಟವನ್ನು ಇವತ್ತಿನ ಟ್ರ್ಯಾಕರುಗಳಲ್ಲೂ ನೋಡಬಹುದು.

ಪರದೆ ಹೇಗೇ ಕಾಣಲಿ, ಒಳಗಿರುವ ಕೆಲಸಗಾರ ಒಬ್ಬನೇ: ಪ್ಲೇಯರ್ ರೂಟೀನ್. ನಿಗದಿತ ಸಮಯಕ್ಕೆ ಒಮ್ಮೆ ಎದ್ದು, ಪಟ್ಟಿ ನೋಡಿ, ಸಿಡ್‌ಗೆ ನಾಲ್ಕು ಬೈಟ್ ಬರೆದು, ಮತ್ತೆ ಮಲಗುತ್ತಾನೆ. ನಾವು ಬರೆಯುವುದು ಅವನನ್ನೇ.

ಸ್ವರಕ್ಕೆ ಸಂಖ್ಯೆ

ಸಿಡ್‌ಗೆ ಹರ್ಟ್ಸ್ ಅರ್ಥವಾಗುವುದಿಲ್ಲ. ಬೇಕಾದ ಹರ್ಟ್ಸನ್ನು 16777216ರಿಂದ ಗುಣಿಸಿ ಕ್ಲಾಕಿನಿಂದ ಭಾಗಿಸಬೇಕು. ಪ್ಯಾಲ್ ಯಂತ್ರದಲ್ಲಿ ಅದು ಸುಮಾರು 17.03ರಿಂದ ಗುಣಿಸಿದ ಹಾಗೆ. 440 ಹರ್ಟ್ಸಿಗೆ 7492 ಬರುತ್ತದೆ. 256ರಿಂದ ಭಾಗಿಸಿದರೆ ಮೇಲ್ಬೈಟ್ 29, ಉಳಿದ ಕೆಳಬೈಟ್ 68.

ಗುಣಾಕಾರವೇ ಇಲ್ಲದ ಪ್ರೊಸೆಸರ್ ಇದನ್ನು ಪ್ರತಿ ಸ್ವರಕ್ಕೂ ಲೆಕ್ಕ ಮಾಡುತ್ತ ಕೂರಬೇಕಿಲ್ಲ. ಮೊದಲೇ ಟೇಬಲ್ ಮಾಡಿಟ್ಟುಕೊಂಡರಾಯಿತು. 16.35 ಹರ್ಟ್ಸಿನಿಂದ ಶುರು ಮಾಡಿ, ಪ್ರತಿ ಹೆಜ್ಜೆಗೆ 1.05946ರಿಂದ ಗುಣಿಸುತ್ತ ಹೋಗಿ. ಹನ್ನೆರಡು ಹೆಜ್ಜೆಗೆ ಫ್ರೀಕ್ವೆನ್ಸಿ ಇಮ್ಮಡಿಯಾಗುತ್ತದೆ. ಎಂಟು ಸ್ಥಾಯಿಗೆ 96 ಸ್ವರ ಆಗಬೇಕು, ಆದರೆ ಕೊನೆಯದು 65535 ದಾಟುವುದರಿಂದ 16 ಬಿಟ್‌ನಲ್ಲಿ ಕೂರುವುದಿಲ್ಲ. 95 ಸ್ವರ, ಎರಡು ಟೇಬಲ್, ಒಟ್ಟು 190 ಬೈಟ್. ಪೈಥಾನಿನಲ್ಲಿ ನಾಲ್ಕು ಸಾಲು ಬರೆದರೆ ಟೇಬಲ್ ಸಿದ್ಧ.

ಹಾಡಿಗೆ ನಾವು ಮೋಹನದ ಆರೋಹಣ ತಗೊಂಡೆವು: ಸ ರಿ ಗ ಪ ದ ಸ. ಷಡ್ಜವನ್ನು 48ನೇ ಸ್ವರಕ್ಕೆ ಇಟ್ಟರೆ ಪಟ್ಟಿ ಹೀಗಾಗುತ್ತದೆ: 48, 50, 52, 55, 57, 60. ಅದರಲ್ಲಿ 57, ಅಂದರೆ ದ, ಸರಿಯಾಗಿ 440 ಹರ್ಟ್ಸ್. ಏರಿ ಇಳಿದು, ಕೊನೆಗೆ ನಾಲ್ಕು ಸ್ವರ ನಿಮ್ಮಿಷ್ಟದ್ದು ಸೇರಿಸಿ 16 ಸಾಲು ಮಾಡಿಕೊಳ್ಳಿ.

ಗಡಿಯಾರ ಎಲ್ಲಿದೆ?

ಹಳೇ ಟಿವಿಯ ಚಿತ್ರ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಬರುತ್ತದೆ. ಕಮೊಡೋರ್ 64ರ ಪ್ಯಾಲ್ ಮಾದರಿಯಲ್ಲಿ ಒಂದು ಗೆರೆಗೆ 63 ಸೈಕಲ್, ಒಂದು ಫ್ರೇಮಿಗೆ 312 ಗೆರೆ. ಗುಣಿಸಿದರೆ 19656 ಸೈಕಲ್, ಅಂದರೆ ಸೆಕೆಂಡಿಗೆ ಸುಮಾರು 50 ಫ್ರೇಮ್. ನಮ್ಮ ಹಳೇ ದೂರದರ್ಶನದ್ದೂ ಇದೇ ಪ್ಯಾಲ್, ಇದೇ 50 ಆಗಿತ್ತು. ಈಗ ಯಾವ ಗೆರೆ ನಡೆಯುತ್ತಿದೆ ಅಂತ 53266ನೇ ವಿಳಾಸದಲ್ಲಿ ಓದಬಹುದು. ಒಂದು ಗೆರೆಯನ್ನು ಗುರುತಿಟ್ಟುಕೊಂಡು, ಅದು ಬಂದಾಗಲೆಲ್ಲ ಪ್ಲೇಯರನ್ನು ಕರೆದರೆ 20 ಮಿಲಿಸೆಕೆಂಡಿನ ಗಡಿಯಾರ ಸಿಕ್ಕಿತು. ಪ್ರತಿ ಕರೆಗೆ ‘ಟಿಕ್’ ಅನ್ನೋಣ. ಆರು ಟಿಕ್‌ಗೆ ಒಂದು ಸಾಲು ಮುಂದೆ ಹೋಗುವುದು ಟ್ರ್ಯಾಕರುಗಳಲ್ಲಿ ವಾಡಿಕೆ. ಸೆಕೆಂಡಿಗೆ ಎಂಟಕ್ಕಿಂತ ಸ್ವಲ್ಪ ಹೆಚ್ಚು ಸಾಲು. ನಾಲ್ಕು ಸಾಲಿಗೆ ಒಂದು ಬೀಟ್ ಅಂದುಕೊಂಡರೆ ನಿಮಿಷಕ್ಕೆ 125 ಬೀಟ್.

ಪ್ರೋಗ್ರಾಮ್

ಹೆಸರುಗಳನ್ನು ಇಲ್ಲಿ ಓದುವುದಕ್ಕೆ ಅನುಕೂಲವಾಗಲಿ ಅಂತ ಕನ್ನಡದಲ್ಲಿ ಕೊಟ್ಟಿದ್ದೇವೆ. ಅಸೆಂಬ್ಲರಿಗೆ ಕೊಡುವಾಗ ಇಂಗ್ಲಿಷಿನಲ್ಲಿ ಬರೆಯಬೇಕು. 49152ರಲ್ಲಿ ಶುರು ಮಾಡಿ.

ಎಸ್‌ಇಐ
ಎಲ್‌ಡಿಎ #15
ಎಸ್‌ಟಿಎ 54296
ಎಲ್‌ಡಿಎ #9
ಎಸ್‌ಟಿಎ 54277
ಎಲ್‌ಡಿಎ #0
ಎಸ್‌ಟಿಎ 54278
ಎಸ್‌ಟಿಎ ಸಾಲು
ಎಲ್‌ಡಿಎ #1
ಎಸ್‌ಟಿಎ ಎಣಿಕೆ

ಕಾಯು:
ಎಲ್‌ಡಿಎ 53266
ಸಿಎಂಪಿ #100
ಬಿಎನ್‌ಇ ಕಾಯು
ಜೆಎಸ್‌ಆರ್ ನುಡಿಸು

ದಾಟು:
ಎಲ್‌ಡಿಎ 53266
ಸಿಎಂಪಿ #100
ಬಿಇಕ್ಯು ದಾಟು
ಜೆಎಂಪಿ ಕಾಯು

ನುಡಿಸು:
ಡಿಇಸಿ ಎಣಿಕೆ
ಬಿಎನ್‌ಇ ಮುಗೀತು
ಎಲ್‌ಡಿಎ #6
ಎಸ್‌ಟಿಎ ಎಣಿಕೆ
ಎಲ್‌ಡಿಎಕ್ಸ್ ಸಾಲು
ಎಲ್‌ಡಿವೈ ಹಾಡು,ಎಕ್ಸ್
ಎಲ್‌ಡಿಎ ಕೆಳಬೈಟ್,ವೈ
ಎಸ್‌ಟಿಎ 54272
ಎಲ್‌ಡಿಎ ಮೇಲ್ಬೈಟ್,ವೈ
ಎಸ್‌ಟಿಎ 54273
ಎಲ್‌ಡಿಎ #32
ಎಸ್‌ಟಿಎ 54276
ಎಲ್‌ಡಿಎ #33
ಎಸ್‌ಟಿಎ 54276
ಐಎನ್‌ಎಕ್ಸ್
ಟಿಎಕ್ಸ್‌ಎ
ಎಎನ್‌ಡಿ #15
ಎಸ್‌ಟಿಎ ಸಾಲು

ಮುಗೀತು:
ಆರ್‌ಟಿಎಸ್

ಇದರ ಕೆಳಗೆ ‘ಹಾಡು’, ‘ಕೆಳಬೈಟ್’, ‘ಮೇಲ್ಬೈಟ್’ ಟೇಬಲ್‌ಗಳು, ಮತ್ತು ‘ಸಾಲು’, ‘ಎಣಿಕೆ’ ಅನ್ನುವ ಒಂದೊಂದು ಬೈಟ್. ಎಮ್ಯುಲೇಟರಿನಲ್ಲಿ ಲೋಡ್ ಮಾಡಿ ‘ಸಿಸ್ 49152’ ಅಂದರೆ ಶುರು.

ಇನ್ನು ಸಾಲು ಸಾಲಾಗಿ ನೋಡೋಣ. ಎಸ್‌ಇಐ ಯಾಕೆ? ಕಮೊಡೋರ್ ತನ್ನ ಪಾಡಿಗೆ ಸೆಕೆಂಡಿಗೆ 60 ಸಲ ಇಂಟರಪ್ಟ್ ತಗೊಂಡು ಕೀಬೋರ್ಡ್ ನೋಡಿ ಬರುತ್ತದೆ. ಆ ಕೆಲಸಕ್ಕೆ ಒಂದು ಗೆರೆಗಿಂತ ಹೆಚ್ಚು ಸಮಯ ಹಿಡಿಯುತ್ತದೆ. ನಾವು ಕಾಯುತ್ತಿದ್ದ ಗೆರೆ ಅದೇ ಹೊತ್ತಿಗೆ ಬಂದು ಹೋದರೆ ಒಂದು ಟಿಕ್ ತಪ್ಪಿತು, ತಾಳ ಎಡವಿತು. ಎಸ್‌ಇಐ ಅದನ್ನು ತಡೆಯುತ್ತದೆ. 54277ರಲ್ಲಿ 9 ಬರೆದರೆ ಸ್ವರ ತಕ್ಷಣ ಎದ್ದು, ಮುಕ್ಕಾಲು ಸೆಕೆಂಡಿನಲ್ಲಿ ಕರಗುತ್ತದೆ, ತಂತಿ ಮೀಟಿದ ಹಾಗೆ. ಗೇಟ್‌ಗೆ ಮೊದಲು 32, ಆಮೇಲೆ 33 ಬರೆಯುವುದು ಮುಖ್ಯ. ತೆರೆದೇ ಇರುವ ಬಾಗಿಲನ್ನು ಮತ್ತೆ ತೆರೆಯಲು ಆಗುವುದಿಲ್ಲ, ಒಮ್ಮೆ ಮುಚ್ಚಲೇಬೇಕು.

‘ದಾಟು’ ಯಾಕೆ ಬೇಕು ಅನ್ನುವುದು ಸೈಕಲ್ ಎಣಿಸಿದರೆ ತಿಳಿಯುತ್ತದೆ. ಹೊಸ ಸಾಲು ಓದುವ ಟಿಕ್‌ಗೆ ಜೆಎಸ್‌ಆರ್ ಸೇರಿ 72 ಸೈಕಲ್. ಸುಮ್ಮನೆ ಎಣಿಕೆ ಇಳಿಸಿ ಬರುವ ಟಿಕ್‌ಗೆ 21 ಮಾತ್ರ. ಒಂದು ಗೆರೆ 63 ಸೈಕಲ್ ಇರುವುದರಿಂದ, ವಾಪಸ್ ಬಂದಾಗ ಇನ್ನೂ ಅದೇ 100ನೇ ಗೆರೆ ನಡೆಯುತ್ತಿರುತ್ತದೆ. ‘ದಾಟು’ ಇಲ್ಲದಿದ್ದರೆ ಅದೇ ಗೆರೆಯಲ್ಲಿ ಮತ್ತೊಮ್ಮೆ ಕರೆ ಹೋಗುತ್ತದೆ.

ನಾವು ಮಾಡಿದ ತಪ್ಪು

ಮೇಲಿನ ಪ್ರೋಗ್ರಾಮಿನಲ್ಲಿ 100 ಅನ್ನುವ ಸಂಖ್ಯೆ ಇದೆಯಲ್ಲ, ನಾವು ಮೊದಲು ಬರೆದದ್ದು 20. ಯಾವ ಗೆರೆಯಾದರೇನು, ಫ್ರೇಮಿಗೆ ಒಮ್ಮೆ ಬಂದರಾಯಿತಲ್ಲ ಅಂದುಕೊಂಡಿದ್ದೆವು. ಓಡಿಸಿದರೆ ಮೋಹನ ರೈಲು ಹಿಡಿಯೋ ಅವಸರದಲ್ಲಿ ಓಡಿತು. ಲೆಕ್ಕದ ಎರಡರಷ್ಟು ವೇಗ. ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದೂವರೆ. ಮರುದಿನ ಸಂಜೆ ಕ್ಲಬ್ಬಿನಲ್ಲಿ ತೋರಿಸಬೇಕು. ಒಬ್ಬ ಹೇಳಿದ, “ಆರು ಅಂತ ಇದ್ಯಲ್ಲ, ಹನ್ನೆರಡು ಮಾಡು.” ಮಾಡಿದೆವು. ವೇಗ ಸರಿಹೋಯಿತು. “ಮುಗೀತು ಕಣೋ” ಅಂತ ಮಲಗಿದೆವು.

ಬೆಳಿಗ್ಗೆ ಎದ್ದು ಆರ್ಪೆಜಿಯೋ ಸೇರಿಸಲು ಕೂತೆವು. ಇದೇನೆಂದರೆ, ಇರುವುದು ಮೂರೇ ಧ್ವನಿ. ಸ-ಗ-ಪ ಒಟ್ಟಿಗೆ ಬೇಕೆಂದರೆ ಮೂರೂ ಖರ್ಚಾದವು, ತಾಳಕ್ಕೆ, ಮೇಳಕ್ಕೆ ಏನೂ ಉಳಿಯಲಿಲ್ಲ. ಅದಕ್ಕೆ ಆ ಕಾಲದವರು ಕಂಡುಕೊಂಡ ದಾರಿ, ಒಂದೇ ಧ್ವನಿಯಲ್ಲಿ ಪ್ರತಿ ಟಿಕ್‌ಗೂ ಸ್ವರ ಬದಲಿಸುವುದು: 48, 52, 55, ಮತ್ತೆ 48. ಕತ್ತಲಲ್ಲಿ ಊದಿನಕಡ್ಡಿಯನ್ನು ಜೋರಾಗಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದಲ್ಲ, ಹಾಗೆ 20 ಮಿಲಿಸೆಕೆಂಡಿಗೊಮ್ಮೆ ಬದಲಾಗುವ ಸ್ವರಗಳು ಕಿವಿಗೆ ಒಟ್ಟಿಗೆ ಮಿನುಗಿದಂತೆ ಕೇಳುತ್ತವೆ. ಹಳೇ ಆಟಗಳ ಸಂಗೀತದಲ್ಲಿ ಕೇಳುವ ಆ ‘ಝರ್ರ್’ ಅನ್ನುವ ನಾದ ಇದೇ.

ನಮ್ಮದು ಮಿನುಗಲಿಲ್ಲ, ಕರಕರ ಅಂದಿತು. ಟೇಬಲ್ ನೋಡಿದೆವು, ಸರಿ ಇತ್ತು. ಕೋಡ್ ನೋಡಿದೆವು, ಸರಿ ಇತ್ತು. ನಮ್ಮ ಜೊತೆ ಮೃದಂಗ ಕಲಿತ ಗೆಳತಿಯೊಬ್ಬಳಿದ್ದಾಳೆ. ಅವಳು ಇಯರ್‌ಫೋನ್ ಹಾಕಿಕೊಂಡು ಅರ್ಧ ನಿಮಿಷ ಕೇಳಿ ಹೇಳಿದಳು: “ಸ್ವರ ಸರಿಯಾಗೇ ಇದೆ. ನಡೆ ಸಮ ಇಲ್ಲ. ಒಂದು ಉದ್ದ, ಒಂದು ಗಿಡ್ಡ. ಕುಂಟ್ತಾ ಇದೆ.”

ಆಗ ಹಳಬರ ಒಂದು ಉಪಾಯ ಬಳಸಿದೆವು. ‘ನುಡಿಸು’ ಕರೆಯುವ ಮೊದಲು ‘ಐಎನ್‌ಸಿ 53280’, ಬಂದ ಮೇಲೆ ‘ಡಿಇಸಿ 53280’. 53280 ಅಂದರೆ ಪರದೆಯ ಅಂಚಿನ ಬಣ್ಣ. ಪ್ಲೇಯರ್ ಕೆಲಸ ಮಾಡುತ್ತಿರುವಷ್ಟು ಹೊತ್ತು ಅಂಚಿನಲ್ಲಿ ಬೇರೆ ಬಣ್ಣದ ಪಟ್ಟಿ ಕಾಣುತ್ತದೆ. ಪಟ್ಟಿ ಎಷ್ಟು ದಪ್ಪವೋ ಅಷ್ಟು ಸಮಯ. ಒಂದು ಪಟ್ಟಿ ಕಾಣಬೇಕಿತ್ತು. ಕಂಡದ್ದು ಎರಡು: ಒಂದು ಮೇಲೆ, ಒಂದು ಕೆಳಗೆ.

ಕಾರಣ ಇಷ್ಟೇ. 53266 ಒಂದು ಬೈಟ್. ಅದರಲ್ಲಿ 255ರವರೆಗೆ ಮಾತ್ರ ಎಣಿಸಬಹುದು. ಗೆರೆಗಳು 312. 256ನೇ ಗೆರೆಗೆ ಅದು ಮತ್ತೆ 0 ತೋರಿಸುತ್ತದೆ. ಒಂಬತ್ತನೇ ಬಿಟ್ ಪಕ್ಕದ 53265ರಲ್ಲಿದೆ. ಹಾಗಾಗಿ 20 ಅನ್ನುವುದು 20ನೇ ಗೆರೆಯಲ್ಲೂ ಬಂತು, 276ನೇ ಗೆರೆಯಲ್ಲೂ ಬಂತು. ಟಿಕ್‌ಗಳ ನಡುವಿನ ಅಂತರ ಒಮ್ಮೆ 256 ಗೆರೆ, ಒಮ್ಮೆ 56 ಗೆರೆ. ಅಂದರೆ 16.4 ಮಿಲಿಸೆಕೆಂಡ್, ಆಮೇಲೆ 3.6. ಸಾಲಿಗೆ 12 ಟಿಕ್ ಮಾಡಿದಾಗ ಆರು ಉದ್ದ, ಆರು ಗಿಡ್ಡ ಸೇರಿ ಮೊತ್ತ ಸರಿಯಾಗಿ ಬಿಟ್ಟಿತು. ತಪ್ಪು ಮಾತ್ರ ಒಳಗೇ ಕೂತಿತ್ತು. 0ರಿಂದ 55ರವರೆಗಿನ ಯಾವ ಸಂಖ್ಯೆ ಕೊಟ್ಟರೂ ಇದೇ ಕಥೆ. 56ರಿಂದ 255ರ ನಡುವಿನದು ಕೊಟ್ಟರೆ ಫ್ರೇಮಿಗೆ ಒಂದೇ ಸಲ. 20 ತೆಗೆದು 100 ಹಾಕಿದೆವು, 12 ತೆಗೆದು 6 ಹಾಕಿದೆವು. ಪಟ್ಟಿ ಒಂದಾಯಿತು, ಆರ್ಪೆಜಿಯೋ ಮಿನುಗಿತು.

ಈ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣ ಇದೆ. ಆರನ್ನು ಹನ್ನೆರಡು ಮಾಡಿದಾಗ ನಮಗೆ ಉತ್ತರ ಸಿಕ್ಕಿತ್ತು, ಕಾರಣ ಸಿಕ್ಕಿರಲಿಲ್ಲ. ಲ್ಯಾಬಿನಲ್ಲಾಗಿದ್ದರೆ ಅಷ್ಟಕ್ಕೇ ಸಹಿ ಬೀಳುತ್ತಿತ್ತು. ‘ಎರಡರಷ್ಟೇ ಯಾಕೆ? ಒಂದೂವರೆ ಯಾಕಲ್ಲ?’ ಅಂತ ಆ ರಾತ್ರಿ ಕೇಳಿಕೊಂಡಿದ್ದರೆ ಐದು ನಿಮಿಷದಲ್ಲಿ ಹೊಳೆಯುತ್ತಿತ್ತು. ನಾಳೆ ನಾವು ಬರೆಯುವ ಕೋಡ್ ಬ್ರೇಕ್ ಕಂಟ್ರೋಲರಿನಲ್ಲೋ ಇನ್‌ಫ್ಯೂಷನ್ ಪಂಪಿನಲ್ಲೋ ಇರಬಹುದು. ಅಲ್ಲಿ ಸರಾಸರಿ ಸರಿಯಿದ್ದು ಅಂತರ ತಪ್ಪಿದರೆ, ಕೇಳಿ ಹೇಳುವುದಕ್ಕೆ ಮೃದಂಗದ ಕಿವಿ ಇರುವುದಿಲ್ಲ.

ಇನ್ನೂ ಒಂದು ಸೂಕ್ಷ್ಮ

ನಿಮ್ಮ ಹಾಡು ಗಮನವಿಟ್ಟು ಕೇಳಿದರೆ ಸ್ವರಗಳು ಒಂದು ಕೂದಲೆಳೆ ತಡವಾಗಿ ಏಳುವುದು ಗೊತ್ತಾಗಬಹುದು. ಅದು ನಿಮ್ಮ ತಪ್ಪಲ್ಲ, ಸಿಡ್ ಚಿಪ್ಪಿನದು. ಎನ್ವೆಲಪ್ ನಿಧಾನದ ಬೆಲೆಯಿಂದ ಚುರುಕಿನ ಬೆಲೆಗೆ ಹೊರಳುವಾಗ ಒಳಗಿನ ಕೌಂಟರ್ ಹೊಸ ಗುರಿಯನ್ನು ಆಗಲೇ ದಾಟಿರುತ್ತದೆ. ಅದು 32768ರವರೆಗೆ ಎಣಿಸಿ ಸುತ್ತು ಹಾಕಿ ಬರಬೇಕು, ಸುಮಾರು 33 ಮಿಲಿಸೆಕೆಂಡ್. ಪರಿಹಾರವಾಗಿ ಒಳ್ಳೆಯ ಪ್ಲೇಯರುಗಳು ಹೊಸ ಸ್ವರಕ್ಕೆ ಎರಡು ಟಿಕ್ ಮೊದಲೇ ಗೇಟ್ ಮುಚ್ಚಿ ಎನ್ವೆಲಪ್ ಸೊನ್ನೆ ಮಾಡುತ್ತವೆ. ಇದಕ್ಕೆ ‘ಹಾರ್ಡ್ ರೀಸ್ಟಾರ್ಟ್’ ಅಂತ ಹೆಸರು. ಚಿಪ್ಪನ್ನು ಬದಲಿಸಲು ಆಗದವರು ಅದರ ಸ್ವಭಾವ ತಿಳಿದು ಬರೆದ ಕೋಡ್ ಇದು.

ಮನೆಗೆಲಸ

1. ಎಮ್ಯುಲೇಟರನ್ನು ಪ್ಯಾಲ್‌ನಿಂದ ಅಮೆರಿಕದ ಎನ್‌ಟಿಎಸ್‌ಸಿ ಮಾದರಿಗೆ ಬದಲಿಸಿ. ಅಲ್ಲಿ ಸೆಕೆಂಡಿಗೆ ಸುಮಾರು 60 ಫ್ರೇಮ್, ಕ್ಲಾಕ್ 1022727 ಹರ್ಟ್ಸ್. ಹಾಡು ಎಷ್ಟು ವೇಗವಾಯಿತು? ಶ್ರುತಿ ಎಷ್ಟು ಏರಿತು? ಎರಡೂ ಒಂದೇ ಪ್ರಮಾಣದಲ್ಲಿ ಯಾಕೆ ಬದಲಾಗಲಿಲ್ಲ?

2. ಹಾಡಿನಲ್ಲಿ 255 ಬಂದರೆ ಹೊಸ ಸ್ವರ ಹಚ್ಚದೆ ಹಿಂದಿನದನ್ನೇ ಬಿಡಬೇಕು. ಸುಳಿವು: ಎಲ್‌ಡಿವೈ ಆದ ತಕ್ಷಣ ನೆಗೆಟಿವ್ ಫ್ಲ್ಯಾಗ್ ನೋಡಿ, ಬಿಎಂಐ ಸಾಕು. ಸಾಲನ್ನು ಮುಂದೆ ತಳ್ಳುವುದು ಮರೆಯಬೇಡಿ.

3. ಎರಡನೇ ಧ್ವನಿಯಲ್ಲಿ ಶ್ರುತಿ ಹಿಡಿಯಿರಿ: ಷಡ್ಜ, ಪಂಚಮ, ಟಿಕ್ ಟಿಕ್‌ಗೆ ಬದಲಾಗುತ್ತ.

4. ಅಂಚಿನ ಬಣ್ಣದ ಪಟ್ಟಿ ಹಚ್ಚಿ ನಿಮ್ಮ ಪ್ಲೇಯರ್ ಎಷ್ಟು ಗೆರೆ ತಿನ್ನುತ್ತದೆ ಅಳೆಯಿರಿ. ಮೂರೂ ಧ್ವನಿ ಸೇರಿದಾಗ ನಮ್ಮದು ಆರೇಳು ಗೆರೆ ತಗೊಳ್ತು. ಅದಕ್ಕಿಂತ ಕಡಿಮೆಯಲ್ಲಿ ಮುಗಿಸಿದವರು ಹೇಗೆ ಅಂತ ನಮಗೂ ಹೇಳಿಕೊಡಿ.

ಬರೆದ 16 ಸಾಲುಗಳನ್ನು ಕ್ಲಬ್ಬಿಗೆ ಕಳಿಸಿ. ಎಲ್ಲರದ್ದನ್ನೂ ಒಂದರ ಹಿಂದೊಂದು ಜೋಡಿಸಿ ಒಂದೇ ಹಾಡು ಮಾಡೋಣ. ಐವತ್ತು ಜನ ಕಳಿಸಿದರೂ ಒಟ್ಟು 800 ಬೈಟ್ ಅಷ್ಟೇ, ಜಾಗದ ಚಿಂತೆ ಬೇಡ.